ಹಾಲು ಕರೆಯುವ ಕೈಗೆ ಗಂಟುನೋವು: ಬೆರಳಿನ ಗಂಟು ಬದಲಿಸಬಹುದೇ?



ಕಳೆದ ಮಳೆಗಾಲದಲ್ಲಿ ಬೈಂದೂರು ಕಡೆಯ ಒಂದು ಹಟ್ಟಿಗೆ ಕೆಚ್ಚಲು ಬಾವು ನೋಡಲು ಹೋಗಿದ್ದೆ. ಹಸುವಿನ ಹಾಲು ಪೂರ್ತಿ ಇಳಿಯುತ್ತಿರಲಿಲ್ಲ. ಕಾರಣ ಕೇಳಿದಾಗ ಮನೆಯ ಅಕ್ಕ ತಮ್ಮ ಕೈ ತೋರಿಸಿದರು. ಬೆರಳ ಬುಡದ ಗಂಟುಗಳು ಊದಿ, ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. "ಡಾಕ್ಟ್ರೇ, ದನಕ್ಕ್ ಕೊಡು ಇಂಜೆಕ್ಷನ್ನೇ ನಂಗೂ ಒಂದ್ ಕೊಡಿ ಕಾಂಬ" ಎಂದು ನಕ್ಕರು. ದನದ ಔಷಧ ಮನುಷ್ಯರಿಗೆ ಖಂಡಿತ ಸಲ್ಲದು. ಆದರೆ ಅವರ ಕಷ್ಟ ನಿಮ್ಮಲ್ಲಿ ಇನ್ನೂ ಕೆಲವರಿಗೆ ಇದ್ದೀತೆಂದು ಇದನ್ನು ಬರೆಯುತ್ತಿದ್ದೇನೆ.

ಇದು ಯಾವ ನೋವು?

ದುಡಿದ ಕೈಯ ನೋವು ವಿಶ್ರಾಂತಿ ಕೊಟ್ಟರೆ ತಗ್ಗುತ್ತದೆ. ರುಮಟಾಯ್ಡ್ ಸಂಧಿವಾತ ಹಾಗಲ್ಲ. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ನಮ್ಮ ಗಂಟುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದಾಗ ಬೆರಳು ಸೆಟೆದು ಅರ್ಧ ಗಂಟೆ, ಒಂದು ಗಂಟೆಯಾದರೂ ಸಡಿಲವಾಗದಿದ್ದರೆ, ಎರಡೂ ಕೈಯ ಗಂಟುಗಳು ಊದಿ ಆರು ವಾರ ಕಳೆದರೂ ಇಳಿಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಮನೆಯಲ್ಲಿ ಜಾನುವಾರು ಇವೆ ಎಂದೂ ಹೇಳಿರಿ. ದನಗಳಿಂದ ಬರುವ ಬ್ರುಸೆಲ್ಲಾ ರೋಗದಲ್ಲಿಯೂ ಜ್ವರ, ಗಂಟುನೋವು ಇರುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಬೇಗ ಔಷಧ ಶುರುಮಾಡಿದರೆ ಗಂಟು ಹಾಳಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಿಯರು ಇದನ್ನು ತೆಗೆದುಕೊಳ್ಳಲೇಬಾರದು.

ಗಂಟು ಬದಲಿಸುವ ಶಸ್ತ್ರಚಿಕಿತ್ಸೆ

ಔಷಧಕ್ಕೆ ಮೊದಲೇ ಗಂಟು ಸವೆದುಹೋಗಿದ್ದರೆ ಈ ದಾರಿ ಇದೆ. ಹಾಳಾದ ಮೂಳೆಯ ತುದಿಯನ್ನು ತೆಗೆದು, ಬಾಗುವಂಥ ಸಿಲಿಕೋನಿನ ಪುಟ್ಟ ಗಂಟನ್ನು ಕೂರಿಸುತ್ತಾರೆ. ವಾಲಿದ ಸ್ನಾಯುರಜ್ಜುಗಳನ್ನು ಸರಿಯಾದ ಜಾಗಕ್ಕೆ ತರುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಡಾ. ಆಲ್ಫ್ರೆಡ್ ಸ್ವಾನ್ಸನ್ ರೂಪಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆಮೇಲೆ ಹಲವು ವಾರ ಕೈಗೆ ಆಸರೆಪಟ್ಟಿ ಕಟ್ಟಿಕೊಂಡು, ಹೇಳಿಕೊಟ್ಟಂತೆ ವ್ಯಾಯಾಮ ಮಾಡಬೇಕು. ಅದನ್ನು ಬಿಟ್ಟರೆ ಮಾಡಿಸಿದ್ದು ವ್ಯರ್ಥ.

ಇದರಿಂದ ನೋವು ತಗ್ಗುತ್ತದೆ, ಬೆರಳು ನೆಟ್ಟಗಾಗುತ್ತದೆ. ಲೋಟ ಹಿಡಿಯುವುದು, ತಲೆ ಬಾಚುವುದು ಸುಲಭವಾಗುತ್ತದೆ. ಆದರೆ ಹಿಡಿತದ ಬಲ ಅಷ್ಟಾಗಿ ಮರಳುವುದಿಲ್ಲ. ಬಲ ಹಾಕಿ ದುಡಿದರೆ ಸಿಲಿಕೋನ್ ಗಂಟು ಮುರಿಯಲೂಬಹುದು. ಹಾಗಾಗಿ ಮತ್ತೆ ಹತ್ತು ಲೀಟರ್ ಹಾಲು ಕೈಯಲ್ಲಿ ಕರೆಯಬಹುದೆಂಬ ಆಸೆಯಿಂದ ಇದನ್ನು ಮಾಡಿಸಬೇಡಿ. ನಿಮ್ಮ ಕೆಲಸ ಏನೆಂದು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಿರಿ. ಯಶಸ್ವಿನಿ ಅಥವಾ ಆಯುಷ್ಮಾನ್ ಕಾರ್ಡ್ ಇದ್ದರೆ ಖರ್ಚಿನ ವಿಷಯವನ್ನೂ ಆಸ್ಪತ್ರೆಯಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ.

ಹಟ್ಟಿಯಲ್ಲಿ ಗಮನಿಸಿ

• ಹೆಬ್ಬೆರಳು ಮಡಚಿ ಕರೆಯಬೇಡಿ. ತೊಟ್ಟಿಗೂ ಪೆಟ್ಟು, ನಿಮ್ಮ ಗಂಟಿಗೂ ಪೆಟ್ಟು. ಮುಷ್ಟಿಯಿಂದ ಹಿಂಡುವುದು ಸರಿಯಾದ ಕ್ರಮ.
• ಗಂಟು ಊದಿದ್ದಾಗ ಹಾಲು ಕರೆಯುವುದನ್ನು ಮನೆಯ ಬೇರೆಯವರಿಗೆ ಒಪ್ಪಿಸಿ. ಎರಡು-ಮೂರು ದನಗಳಿದ್ದರೆ ಹಾಲು ಕರೆಯುವ ಯಂತ್ರದ ಬಗ್ಗೆ ನಿಮ್ಮ ಸಂಘದಲ್ಲಿ ವಿಚಾರಿಸಿ.
• ಸಂಧಿವಾತದ ಔಷಧ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಸಿ ಹಾಲು ಕುಡಿಯಬೇಡಿ.

ಆ ಅಕ್ಕ ಈಗ ವೈದ್ಯರ ಔಷಧದಲ್ಲಿದ್ದಾರೆ, ಊತ ಇಳಿದಿದೆ. ವಾಲಿದ ಬೆರಳಿಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಮುಂದೆ ನೋಡುವುದೆಂದು ಹೇಳಿದ್ದಾರಂತೆ. ಹಾಲು ಕರೆಯುವುದು ಈಗ ಮಗನ ಕೆಲಸ. ಡೈರಿಯ ಪುಸ್ತಕ ಮಾತ್ರ ಇನ್ನೂ ಅಕ್ಕನ ಹೆಸರಿನಲ್ಲೇ ಇದೆ. ದನಕ್ಕೆ ಜ್ವರ ಬಂದರೆ ಅದೇ ದಿನ ನನಗೆ ಫೋನು ಮಾಡುತ್ತೀರಿ. ನಿಮ್ಮ ಕೈಗೂ ಅಷ್ಟೇ ಅವಸರ ಇರಲಿ.