ಕೊಡೆಯ ನೆರಳಿನ ಸಂಬಳ

ತಿಂಗಳು ಕಳೆದು ವಾರವಾಗಿದೆ. ಸಿಂಧನೂರಿನ ಒಂದು ಮನೆಯ ಪಡಸಾಲೆಯಲ್ಲಿ ಮಗ ಕೈಯಲ್ಲಿ ಮೊಬೈಲ್ ಹಿಡಿದು ಬ್ಯಾಂಕಿನ ಸಂದೇಶವನ್ನು ಮತ್ತೆ ಮತ್ತೆ ಓದುತ್ತಿದ್ದಾನೆ. ಅಕ್ಕಿ ಆರಿಸುತ್ತಿದ್ದ ತಾಯಿ ತಲೆಯೆತ್ತುತ್ತಾಳೆ.

“ಪಗಾರ ಎಷ್ಟು ಬಂತಪಾ?”

“ಹತ್ತು ಸಾವಿರದ ಎಂಬತ್ತು, ಅವ್ವಾ.”

“ಹದಿನಾಲ್ಕು ಸಾವಿರ ಅಂದಿದ್ರಲ್ಲ? ಉಳಿದದ್ದು ಎಲ್ಲಿ ಹೋತು?”

“ಪಿ.ಎಫ್. ಹಿಡಿದಾರಂತ.”

“ಹಿಡಿದದ್ದು ಎಲ್ಲೈತಿ ಅಂತ ಕೇಳಿದೇನು?”

ಮಗ ಕೇಳಿರಲಿಲ್ಲ. ಕೇಳುವುದಾದರೂ ಯಾರನ್ನು? ಮನೆ ಕಲ್ಪನೆಯದಾದರೂ ಪ್ರಶ್ನೆ ನಿಜವಾದುದು. ಭತ್ತದ ಗಿರಣಿಗಳ ಸಿಂಧನೂರು, ಅಶೋಕನ ಹೆಸರನ್ನು ಹೊತ್ತ ಶಾಸನದಿಂದ 1915ರಲ್ಲಿ ಪ್ರಸಿದ್ಧಿಗೆ ಬಂದ ಮಸ್ಕಿ, ಹಟ್ಟಿಯ ಚಿನ್ನದ ಗಣಿಯನ್ನು ತನ್ನ ತಾಲ್ಲೂಕಿನಲ್ಲಿಟ್ಟುಕೊಂಡ ಲಿಂಗಸುಗೂರು, ಇವು ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ನಾಡಿನ ಇತರ ಊರುಗಳಲ್ಲಿರುವಂತೆ ಇಲ್ಲಿಯೂ ಆಸ್ಪತ್ರೆಯ ಶುಚಿಗಾರ, ಕಚೇರಿಯ ಡಾಟಾ ಎಂಟ್ರಿ ಆಪರೇಟರ್, ಕಾವಲುಗಾರ, ವಾಹನ ಚಾಲಕ ಇವರಲ್ಲಿ ಅನೇಕರು ‘ಹೊರಗುತ್ತಿಗೆ’ಯವರು.

ಯಾರ ಆಳು, ಯಾರ ಸಂಬಳ?

ಹೊರಗುತ್ತಿಗೆಯೆಂದರೆ ಕೆಲಸ ಒಬ್ಬರಲ್ಲಿ, ಸಂಬಳ ಇನ್ನೊಬ್ಬರಿಂದ. ಕಚೇರಿ ಟೆಂಡರು ಕರೆಯುತ್ತದೆ. ಏಜೆನ್ಸಿಯೊಂದು ಆಳುಗಳನ್ನು ಒದಗಿಸುತ್ತದೆ. ಕಚೇರಿ ಏಜೆನ್ಸಿಗೆ ಬಿಲ್ಲಿನ ಹಣ ಕೊಡುತ್ತದೆ. ಏಜೆನ್ಸಿ ಆಳಿಗೆ ಸಂಬಳ ಹಾಕುತ್ತದೆ. ಇದನ್ನೇ ಹೋಲುವ ಸಂಸ್ಥೆಗೆ ಇಂಗ್ಲೆಂಡಿನಲ್ಲಿ ‘ಕೊಡೆ ಕಂಪನಿ’ಯೆಂದು ಹೆಸರು. ಅಲ್ಲಿ ದುಡಿಯುವವನಿಗೆ ಮೊದಲು ಹೇಳಿದ ದರದಿಂದ ಮಾಲೀಕನ ವಿಮಾ ಪಾಲನ್ನೂ ಕಂಪನಿಯ ಶುಲ್ಕವನ್ನೂ ಕಳೆದು, ಉಳಿದುದನ್ನೇ ಒಟ್ಟು ಸಂಬಳವೆಂದು ಚೀಟಿಯಲ್ಲಿ ಬರೆಯುತ್ತಾರೆ. ಕೊಡೆ ನೆರಳನ್ನು ಕೊಡುವುದುಂಟು. ನೆರಳಿನಲ್ಲಿ ಅಕ್ಷರಗಳು ಕಾಣದೆ ಹೋಗುವುದೂ ಉಂಟು.

ಎರಡು ಲೆಕ್ಕಗಳು

ಗೊಂದಲವೆಲ್ಲ ಹುಟ್ಟುವುದು ಬಿಲ್ಲಿನ ಲೆಕ್ಕವನ್ನೂ ಸಂಬಳದ ಲೆಕ್ಕವನ್ನೂ ಒಂದೆಂದು ಭಾವಿಸುವುದರಿಂದ. ಉದಾಹರಣೆಗೆ ಮೂಲವೇತನ ಮತ್ತು ತುಟ್ಟಿಭತ್ಯ ಸೇರಿ 14,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ಮೊತ್ತವೇ ಹೊರತು ನಿಗದಿಯಾದ ಕನಿಷ್ಠ ವೇತನವಲ್ಲ; ಅದು ಕೆಲಸಕ್ಕೂ ಊರಿಗೂ ತಕ್ಕಂತೆ ಬೇರೆಯಾಗುತ್ತದೆ.

ಈ ವೇತನದಲ್ಲಿ ನೌಕರನ ಪಾಲಾಗಿ ಭವಿಷ್ಯನಿಧಿಗೆ ನೂರಕ್ಕೆ 12ರಂತೆ 1,680 ರೂಪಾಯಿ, ರಾಜ್ಯ ವಿಮೆಗೆ, ಅಂದರೆ ಇ.ಎಸ್.ಐ.ಗೆ, ನೂರಕ್ಕೆ 0.75ರಂತೆ 105 ರೂಪಾಯಿ ಕಡಿತವಾಗಬೇಕು. ಕೈಗೆ ಬರಬೇಕಾದದ್ದು 12,215 ರೂಪಾಯಿ.

ಮಾಲೀಕನ ಪಾಲು ಬೇರೆ. ಭವಿಷ್ಯನಿಧಿಗೆ 1,680, ಅದರೊಡನೆ ಜೀವವಿಮೆಗೂ ಆಡಳಿತ ವೆಚ್ಚಕ್ಕೂ ತಲಾ 70, ಇ.ಎಸ್.ಐ.ಗೆ ನೂರಕ್ಕೆ 3.25ರಂತೆ 455. ಇವೆಲ್ಲ ಸೇರಿ 2,275. ವೇತನಕ್ಕೆ ಕೂಡಿದರೆ 16,275. ಏಜೆನ್ಸಿಯ ಸೇವಾ ಶುಲ್ಕ 725 ಎಂದುಕೊಂಡರೆ 17,000. ಅದರ ಮೇಲೆ ನೂರಕ್ಕೆ 18ರ ಸರಕು ಮತ್ತು ಸೇವಾ ತೆರಿಗೆ ಬಿದ್ದರೆ ಬಿಲ್ಲು 20,060 ರೂಪಾಯಿಗೆ ಏರುತ್ತದೆ.

“ನಮ್ಮ ಹೆಸರಿನಲ್ಲಿ ಇಪ್ಪತ್ತು ಸಾವಿರ ಎತ್ತಿ ಹನ್ನೆರಡು ಕೊಡುತ್ತಾರೆ” ಎಂದು ನೌಕರರು ನೊಂದುಕೊಳ್ಳುವುದುಂಟು. ಆ ಅಂತರವೆಲ್ಲ ಮೋಸವಲ್ಲವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮೋಸ ಇರತಕ್ಕದ್ದು ಬೇರೆ ಕಡೆ. ಪಡಸಾಲೆಯ ಮಗನಿಗೆ ಬಂದದ್ದು 10,080. ಅಂದರೆ ಅವನ ಪಾಲಿನ ಮೇಲೆ ಮಾಲೀಕನ 1,680 ಮತ್ತು 455 ಕೂಡ ಅವನ ಸಂಬಳದಿಂದಲೇ ಹೋಗಿವೆ. ಮಾಲೀಕನ ಪಾಲನ್ನು ನೌಕರನ ವೇತನದಿಂದ ಮುರಿಯುವುದು ಕಾಯಿದೆಗೆ ವಿರುದ್ಧ. ತಿಂಗಳಿಗೆ 2,135 ರೂಪಾಯಿ, ವರ್ಷಕ್ಕೆ 25,620. ತಂಗಿಯ ಕಾಲೇಜಿನ ಶುಲ್ಕಕ್ಕೆ ಒದಗಬಹುದಾದ ಹಣ ಅದು.

ವೃತ್ತಿ ತೆರಿಗೆಯ ಕಲಮನ್ನೂ ನೋಡಬೇಕು. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಆ ತೆರಿಗೆ ಇಲ್ಲ. ಹದಿನಾಲ್ಕು ಸಾವಿರದವನ ಚೀಟಿಯಲ್ಲಿ ಅದು 200 ರೂಪಾಯಿಯೆಂದು ಕಂಡರೆ ಕಾರಣ ಕೇಳತಕ್ಕದ್ದೇ.

ಹಿಡಿದ ಹಣ ಎಲ್ಲಿದೆ?

ಚೀಟಿಯಲ್ಲಿ ಕಡಿತ ಬರೆದ ಮಾತ್ರಕ್ಕೆ ಹಣ ಖಾತೆಗೆ ಸೇರಿತೆಂದು ಅರ್ಥವಲ್ಲ. ಮುಂದಿನ ತಿಂಗಳ 15ನೆಯ ತಾರೀಕಿನೊಳಗೆ ಎರಡೂ ಪಾಲುಗಳು ಜಮೆಯಾಗಬೇಕು. ಭವಿಷ್ಯನಿಧಿಯ ಸದಸ್ಯನಿಗೆ ‘ಯು.ಎ.ಎನ್.’ ಎಂಬ 12 ಅಂಕಿಗಳ ಸಂಖ್ಯೆಯಿರುತ್ತದೆ. ಅದರ ನೆರವಿನಿಂದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ತಿಂಗಳ ಲೆಕ್ಕ ಕಣ್ಣೆದುರು ನಿಲ್ಲುತ್ತದೆ. ಮಾಲೀಕನ 1,680ರಲ್ಲಿ 1,166 ಪಿಂಚಣಿ ನಿಧಿಗೂ 514 ಭವಿಷ್ಯನಿಧಿಗೂ ಹಂಚಿಹೋಗಿರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ, ಅದು ಕ್ರಮವೇ.

ಇ.ಎಸ್.ಐ. ಬರಿಯ ಔಷಧಿಯ ಚೀಟಿಯಲ್ಲ. ನಿಯಮದಂತೆ ವಂತಿಗೆ ಸಂದಿದ್ದರೆ ಕಾಯಿಲೆಯ ಕಾಲದಲ್ಲಿ ವೇತನದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಭವಿಷ್ಯನಿಧಿಯೊಡನೆ ಬರುವ ಜೀವವಿಮೆಯಲ್ಲಿ, ನೌಕರ ಸೇವೆಯಲ್ಲಿರುವಾಗ ತೀರಿಕೊಂಡರೆ, ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಸಲ್ಲುತ್ತದೆ. ನಾಮನಿರ್ದೇಶನ ಮಾಡದೆ ಬಿಟ್ಟ ಮನೆಗಳಲ್ಲಿ ದುಃಖದ ಜೊತೆಗೆ ಅಲೆದಾಟವೂ ಸೇರುತ್ತದೆ.

ಗುತ್ತಿಗೆದಾರ ಬದಲಾದಾಗ

ಟೆಂಡರಿನ ಅವಧಿ ಮುಗಿದರೆ ಏಜೆನ್ಸಿ ಬದಲಾಗುತ್ತದೆ. ಕುರ್ಚಿ ಅದೇ, ಕೆಲಸ ಅದೇ, ಸಂಬಳ ಹಾಕುವವರು ಮಾತ್ರ ಹೊಸಬರು. ಆಗ ಹೊಸ ಯು.ಎ.ಎನ್. ಮಾಡಿಸಿಕೊಳ್ಳಬಾರದು, ಹಳೆಯದನ್ನೇ ಕೊಟ್ಟು ಹಿಂದಿನ ಖಾತೆಯನ್ನು ವರ್ಗಾಯಿಸಿಕೊಳ್ಳಬೇಕು. ತಿಂಗಳ ಪಿಂಚಣಿಗೆ 10 ವರ್ಷಗಳ ಸೇವೆ ಬೇಕು. ಪ್ರತಿ ಸಲ ಹಣ ಬಿಡಿಸಿಕೊಂಡವನು ಇಪ್ಪತ್ತು ವರ್ಷ ದುಡಿದರೂ ಲೆಕ್ಕದಲ್ಲಿ ಎರಡು ವರ್ಷದ ಸೇವಕನಾಗಿಯೇ ಉಳಿದಾನು.

ಕೇಳುವುದು ಯಾರನ್ನು?

1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಒಂದು ದೊಡ್ಡ ಮಾತನ್ನು ಹೇಳಿತ್ತು: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಹೊಣೆ ಉಳಿದಿದೆ. ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ದಿನ ಮುಗಿಯುವುದರೊಳಗೆ ಸಲ್ಲಬೇಕು. ವೇತನ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಆದುದರಿಂದ ಏಜೆನ್ಸಿಗೆ ಬರೆದ ಅರ್ಜಿಯ ಪ್ರತಿಯೊಂದನ್ನು ಕೆಲಸ ಮಾಡುವ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯುವುದು ಜಾಣತನ. ಅಲ್ಲಿ ಉತ್ತರ ದೊರೆಯದಿದ್ದರೆ ಸಂಬಳಕ್ಕೆ ಕಾರ್ಮಿಕ ಇಲಾಖೆ, ಕಡಿತದ ಹಣಕ್ಕೆ ಭವಿಷ್ಯನಿಧಿ ಮತ್ತು ಇ.ಎಸ್.ಐ. ಕಚೇರಿಗಳು ಇವೆ.

ನಡುವಿನ ಕೊಡೆಯನ್ನೇ ಮಡಿಸಿದ ನಿದರ್ಶನವೂ ನಮ್ಮಲ್ಲಿದೆ. 2017ರಲ್ಲಿ ರಾಜ್ಯ ಸರಕಾರ ಪೌರಕಾರ್ಮಿಕರಿಗೆ ಗುತ್ತಿಗೆದಾರರನ್ನು ಬಿಟ್ಟು ನೇರವಾಗಿ ಸಂಬಳ ಕೊಡುವ ನಿರ್ಧಾರ ಮಾಡಿತು. ಉಳಿದವರ ಪಾಲಿಗೆ ಕೊಡೆ ಇನ್ನೂ ಬಿಚ್ಚಿಯೇ ಇದೆ.

ಅಲ್ಲಿಯವರೆಗೆ ನೇಮಕದ ಪತ್ರ, ವೇತನ ಚೀಟಿ, ಬ್ಯಾಂಕಿನ ಪುಸ್ತಕ, ಪಿ.ಎಫ್. ಪಾಸ್‌ಬುಕ್ ಈ ನಾಲ್ಕನ್ನೂ ತಿಂಗಳಿಗೊಮ್ಮೆ ಎದುರುಬದುರು ಇಟ್ಟು ನೋಡುವ ಅಭ್ಯಾಸ ಪ್ರತಿ ಮನೆಗೂ ಬರಬೇಕು. ಹತ್ತು ನಿಮಿಷದ ಕೆಲಸ. ಲೆಕ್ಕ ಬಾರದವರೂ ಒಂದು ಪ್ರಶ್ನೆಯನ್ನಂತೂ ಕೇಳಬಹುದು. ಅಕ್ಕಿ ಆರಿಸುತ್ತ ಕುಳಿತ ಆ ತಾಯಿ ಅದನ್ನು ಆಗಲೇ ಕೇಳಿದ್ದಾಳೆ: “ಹಿಡಿದದ್ದು ಎಲ್ಲೈತಿ?”