ಜಮೀನು ಸಿಕ್ಕಿತು, ಊರು ಸಿಕ್ಕಿತೇ?

ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ಎಸ್. ನಿಜಲಿಂಗಪ್ಪ ಅವರ ಸ್ಮಾರಕವಿದೆ. 2011ರಲ್ಲಿ ಅದನ್ನು ಉದ್ಘಾಟಿಸಲು ಬಂದವರು ದಲೈ ಲಾಮಾ. ಕಾಂಗ್ರೆಸ್ಸಿನ ಹಿರಿಯ ರಾಜಕಾರಣಿಯೊಬ್ಬರ ಸ್ಮಾರಕಕ್ಕೂ ಟಿಬೆಟಿನ ಧರ್ಮಗುರುವಿಗೂ ಎತ್ತಣ ನಂಟು?

ನಂಟು ಹಳೆಯದು. 1956ರ ಕೊನೆಯಲ್ಲಿ ಬುದ್ಧ ಜಯಂತಿಗೆಂದು ಭಾರತಕ್ಕೆ ಬಂದಿದ್ದ ದಲೈ ಲಾಮಾ, ಆಗಷ್ಟೇ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪ ಅವರನ್ನು ಕಂಡಿದ್ದರು. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದರು. ಬೆನ್ನಿಗೇ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಇವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಕೊಟ್ಟಿತು. 1960ರಲ್ಲಿ ಅಲ್ಲಿ ವಸತಿ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಆದರೂ ಟಿಬೆಟನ್ನರ ಬಾಯಲ್ಲಿ ಉಳಿದದ್ದು ನಿಜಲಿಂಗಪ್ಪ ಅವರ ಹೆಸರೇ. 1966ರಲ್ಲಿ ಮುಂಡಗೋಡದ ವಸತಿ ಆರಂಭವಾದದ್ದು ಅವರು ಮತ್ತೆ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ ಸೇರಿಕೊಂಡವು.

ಜಮೀನು ಎಂದರೆ ಹದ ಮಾಡಿಟ್ಟ ಹೊಲವೇನಲ್ಲ, ದಟ್ಟ ಕಾಡು. ಬಂದವರೇ ಮರ ಕಡಿಯಬೇಕು, ಬೇರು ಕೀಳಬೇಕು, ಗುಡಿಸಲು ಕಟ್ಟಿಕೊಳ್ಳಬೇಕು. ಯಾಕ್ ಮೇಯಿಸಿ, ಬಾರ್ಲಿ ಬೆಳೆದು, ಚಳಿಯಲ್ಲೇ ಹುಟ್ಟಿ ಬೆಳೆದವರಿಗೆ ಇಲ್ಲಿನ ಬಿಸಿಲೇ ಮೊದಲ ಶತ್ರು. ಕ್ಷಯ ಕಾಡಿತು. ಜೋಳ ತೆನೆ ಕಟ್ಟುವ ಹೊತ್ತಿಗೆ ಆನೆ ನುಗ್ಗಿ ತುಳಿಯಿತು.

ವಲಸೆಯ ಕಷ್ಟ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಶೇಂಗಾ ಒಣಗಿದ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ತೋಟಕ್ಕೋ ಗುಳೆ ಹೋಗುವುದು ಇಲ್ಲಿ ಹೊಸದಲ್ಲ. ಆದರೆ ಗುಳೆ ಹೋದವರು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಊರಿಗೆ ಬರುತ್ತಾರೆ. ಪಡಿತರ ಚೀಟಿ, ಮತದಾರರ ಪಟ್ಟಿ ಎರಡರಲ್ಲೂ ಅವರ ಹೆಸರಿರುತ್ತದೆ. ನಿರಾಶ್ರಿತನಿಗೆ ಹಿಂದಿರುಗಲು ಊರಿಲ್ಲ, ಇರುವ ಊರಿನಲ್ಲಿ ಹೆಸರಿಲ್ಲ.

ಹೆಸರಿಗೆ ಬದಲು ಅವನ ಕೈಯಲ್ಲಿರುವುದು ಪೊಲೀಸರು ಕೊಟ್ಟ ನೋಂದಣಿ ಪುಸ್ತಕ. ವಸತಿಗಳಲ್ಲಿ ಎಲ್ಲರೂ ಅದನ್ನು ಆರ್‌ಸಿ ಎನ್ನುತ್ತಾರೆ. ಒಂದು ಫೋಟೊ, ಒಂದು ವಿಳಾಸ, ಪುಟದ ತುಂಬ ಠಸ್ಸೆ. ಹಿಂದೆ ವರ್ಷ ವರ್ಷವೂ ನವೀಕರಿಸಬೇಕಿತ್ತು, ಈಚೆಗೆ ಬಹಳಷ್ಟು ಮಂದಿಗೆ ಐದು ವರ್ಷಕ್ಕೊಮ್ಮೆ ಆಗಿದೆ. ಬೈಲಕುಪ್ಪೆಯಲ್ಲೇ ಹುಟ್ಟಿ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಹುಡುಗಿಯೂ ಈ ಪುಸ್ತಕದ ಪ್ರಕಾರ ವಿದೇಶಿ. ಬಹುಪಾಲು ಸರ್ಕಾರಿ ನೌಕರಿಗಳ ಬಾಗಿಲು ಮುಚ್ಚಿದೆ. ಬೇಸಾಯ ಮಾಡುವ ಭೂಮಿ ಗುತ್ತಿಗೆಯದು.

1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎನ್ನುತ್ತದೆ ಪೌರತ್ವ ಕಾಯ್ದೆ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟ್, ಆಮೇಲೆ ಕರ್ನಾಟಕ ಹೈಕೋರ್ಟ್ ಹೇಳಿದವು. 2014ರಲ್ಲಿ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ ಸೂಚಿಸಿತು. ಆದರೂ ಅನೇಕರು ಮುಂದೆ ಬರಲಿಲ್ಲ. ಪೌರತ್ವ ಪಡೆದರೆ ಟಿಬೆಟಿನ ಹೋರಾಟ ಸಡಿಲವಾದೀತೆಂಬ ಅಳುಕು ಒಂದು ಕಡೆ. 2017ರಲ್ಲಿ ಭಾರತದ ಪಾಸ್‌ಪೋರ್ಟ್ ಬೇಕಿದ್ದರೆ ಆರ್‌ಸಿ ಒಪ್ಪಿಸಿ ವಸತಿ ಬಿಡಬೇಕು ಎಂಬ ಷರತ್ತು ಬಂದದ್ದು ಇನ್ನೊಂದು ಕಡೆ. ಹಕ್ಕು ಕೊಟ್ಟ ಕೈಯೇ ಮನೆ ಕೇಳಿದರೆ ಯಾರು ತಾನೆ ಮುಂದೆ ಬಂದಾರು?

ಕಾಗದ ಸರಿಯಿದ್ದರೂ ಮುಖ ಬದಲಾಗುವುದಿಲ್ಲ. ‘ಚಿಂಕಿ’, ‘ಚೀನಾ’, ‘ನೇಪಾಳಿ’ ಎಂದು ಬಸ್ಸಿನಲ್ಲಿ, ಕಾಲೇಜಿನಲ್ಲಿ ಕೂಗುವವರು ಅದನ್ನು ತಮಾಷೆ ಎಂದುಕೊಂಡಿದ್ದಾರೆ. ತಮಾಷೆ ಎಲ್ಲಿಗೆ ಮುಟ್ಟುತ್ತದೆಂಬುದು 2012ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಅಸ್ಸಾಮಿನ ಗಲಭೆಯ ಹಿಂದೆಯೇ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಅದೇ ವಾರ ಮೈಸೂರಿನಲ್ಲಿ ಟಿಬೆಟನ್ ಯುವಕನೊಬ್ಬನಿಗೆ ಚಾಕು ಇರಿದರು. ಅಸ್ಸಾಮಿಗೂ ಅವನಿಗೂ ಸಂಬಂಧವೇ ಇರಲಿಲ್ಲ, ಮುಖಚರ್ಯೆ ಒಂದನ್ನು ಬಿಟ್ಟು. 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲಿಟ್ಟ ಹೊಸತರಲ್ಲಿ, ಅದೇ ಮೈಸೂರಿನ ಅಂಗಡಿಯೊಂದು ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ಒಳಗೆ ಬಿಡಲಿಲ್ಲ. ಅವರು ನಿರಾಶ್ರಿತರಲ್ಲ, ಭಾರತದ ಪ್ರಜೆಗಳೇ. ಪ್ರಜೆಗೇ ಈ ಗತಿಯಾದರೆ ಆರ್‌ಸಿ ಹಿಡಿದವನ ಪಾಡೇನು?

ಹಾಗೆ ನೋಡಿದರೆ ಹೊರಗಿನವರು ಬಂದು ಹೋಗುವುದು ಚಿತ್ರದುರ್ಗದ ಸೀಮೆಗೆ ಹೊಸತೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಬರೆದವನು ಚಪಡನೆಂಬ ಲಿಪಿಕಾರ. ಬ್ರಾಹ್ಮಿಯ ಶಾಸನದ ಕೊನೆಗೆ ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯನ್ನೂ ಬಳಸಿದ್ದಾನೆ. ಬಹುಶಃ ಪೆಶಾವರದ ಕಡೆಯವನು. ನಮ್ಮ ನಾಡಿನ ಅತಿ ಹಳೆಯ ಬರಹಗಳ ಹಿಂದೆ ಪರಸ್ಥಳದವನ ಕೈಯಿದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಹೇಳಿದರೆ ನಷ್ಟವಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ನೆಲೆಸಿದ ನಿರಾಶ್ರಿತರ ಕಥೆ ಬೇರೆ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಅಲ್ಲಿನ ಪುನರ್ವಸತಿ ಶಿಬಿರಗಳಲ್ಲಿ ಭೂಮಿ ಸಿಕ್ಕಿತು. ತುಂಗಭದ್ರೆಯ ನಾಲೆ ನೀರಲ್ಲಿ ಭತ್ತ ಬೆಳೆದರು. ಇವರ ಮುಖ ನೋಡಿ ಯಾರೂ ದೂರ ಸರಿಯಲಿಲ್ಲ, ಅಡ್ಡ ಬಂದದ್ದು ಜಾತಿ ಪ್ರಮಾಣಪತ್ರ. ಬಹುಪಾಲು ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಹೀಗಾಗಿ ಕಾಲೇಜಿನ ಸೀಟು, ವಿದ್ಯಾರ್ಥಿವೇತನ ಎರಡರಲ್ಲೂ ಅವರ ಮಕ್ಕಳು ಹಿಂದೆ ಉಳಿದರು.

ಜಗತ್ತಿನಲ್ಲಿ 2024ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರು 12.3 ಕೋಟಿಗೂ ಹೆಚ್ಚು. ದೇಶ ಬಿಟ್ಟವರಲ್ಲಿ ಮುಕ್ಕಾಲು ಪಾಲಿನಷ್ಟು ಜನರನ್ನು ಸಾಕುತ್ತಿರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳು. ಭಾರತವೂ ಆ ಸಾಲಿನದೇ. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ. ಯಾರಿಗೆ ಏನು ಸಿಗಬೇಕೆಂಬುದು ಆಯಾ ಕಾಲದ ಸರ್ಕಾರದ ಮರ್ಜಿ. ಇದನ್ನು ಬಲ್ಲ ಟಿಬೆಟನ್ ಯುವಕರು ಅಮೆರಿಕ, ಕೆನಡಾ, ಫ್ರಾನ್ಸ್ ಕಡೆಗೆ ಹೊರಟಿದ್ದಾರೆ.

ನಿರಾಶ್ರಿತರ ಕಾನೂನು ಬರೆಯುವುದೂ ಪರಿಶಿಷ್ಟರ ಪಟ್ಟಿ ತಿದ್ದುವುದೂ ಸಂಸತ್ತಿನ ಕೆಲಸ. ಬೈಲಕುಪ್ಪೆ ಇರುವುದು ಮೈಸೂರು ಲೋಕಸಭಾ ಕ್ಷೇತ್ರದಲ್ಲಿ, ಮುಂಡಗೋಡ ಉತ್ತರ ಕನ್ನಡದಲ್ಲಿ, ಸಿಂಧನೂರು ಕೊಪ್ಪಳದಲ್ಲಿ. ಮುಂದಿನ ಸಲ ಓಟು ಕೇಳಲು ಬಂದವರಿಗೆ ಕಾನೂನು ಯಾವಾಗ, ಪಟ್ಟಿ ತಿದ್ದುವುದು ಯಾವಾಗ ಎಂಬ ಎರಡು ಪ್ರಶ್ನೆ ಹಾಕಿ. ನಿಜಲಿಂಗಪ್ಪನವರ ಜಿಲ್ಲೆಯ ಮತದಾರರೂ ಕೇಳಲಿ.