ಹೊಳೆಯಾಚೆಗೆ ಸೇತುವೆ ಬಂತು, ಹಕ್ಕುಪತ್ರ ಇನ್ನೂ ಬರಬೇಕು

ಶಿವಮೊಗ್ಗದಿಂದ ಬಿ.ಎಚ್. ರಸ್ತೆ ಹಿಡಿದು, ಆನಂದಪುರ ದಾಟಿ ಸಾಗರ ಸೇರಿ, ಅಲ್ಲಿಂದ ಸಿಗಂದೂರಿನ ದಾರಿಗೆ ತಿರುಗಿದರೆ ಅಂಬಾರಗೋಡ್ಲು ಸಿಗುತ್ತದೆ. 2025ರ ಜುಲೈ 14ರಂದು ಸೇತುವೆ ತೆರೆಯುವವರೆಗೆ ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಶರಾವತಿಯ ಲಿಂಗನಮಕ್ಕಿ ಹಿನ್ನೀರು. ಆಚೆ ದಡದಲ್ಲಿ ಕಳಸವಳ್ಳಿ, ಅದರಾಚೆ ಸಿಗಂದೂರು, ತುಮರಿ, ಬ್ಯಾಕೋಡು, ಕಟ್ಟಿನಕಾರು. ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು. ದ್ವೀಪ ಎಂದೇ ಎಲ್ಲರೂ ಕರೆಯುವ ಈ ನೆಲಕ್ಕೆ ಬೆನ್ನಿನ ಕಡೆ ನೀರಿಲ್ಲ, ಘಟ್ಟದ ಕಾಡಿದೆ. ಕೋಗಾರು ಘಾಟಿ ಇಳಿದರೆ ಭಟ್ಕಳ, ನಾಗೋಡಿ ದಾಟಿದರೆ ಕೊಲ್ಲೂರು. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಅಡಿಕೆ ಮಂಡಿ ಇರುವುದೆಲ್ಲ ಸಾಗರದಲ್ಲಿ. ನೀರು ದಾಟದೆ ಅಲ್ಲಿಗೆ ಹೋಗಬೇಕೆಂದರೆ ಕಾಡಿನ ನಡುವೆ ಕಾರ್ಗಲ್ ಸುತ್ತಿಕೊಂಡು ಹೋಗಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ.

ಆರು ದಶಕದ ಹತ್ತಿರ ಇಲ್ಲಿಯ ಬದುಕಿಗೆ ಗಡಿಯಾರವಾಗಿದ್ದದ್ದು ಲಾಂಚ್. ಬೆಳಗಿನ ಲಾಂಚಿಗೆ ಹಾಲಿನ ಕ್ಯಾನು, ಕಾಲೇಜಿನ ಮಕ್ಕಳು, ಕೋರ್ಟಿನ ವಾಯಿದೆಗೆ ಹೊರಟ ಯಜಮಾನರು. ಅಗಲದ ಕಬ್ಬಿಣದ ಹಾಸಿನ ಮೇಲೆ ಬಸ್ಸು, ಅದರ ಪಕ್ಕ ಎರಡು ಸಾಲು ಕಾರು, ಸಂದಿಯಲ್ಲೆಲ್ಲ ಬೈಕು, ಅಂಚಿನಲ್ಲಿ ನಿಂತ ಜನ. ಇಂಜಿನ್ನಿನ ಸದ್ದಿನ ನಡುವೆಯೇ ಮದುವೆಯ ಮಾತುಕತೆ, ಗೊಬ್ಬರದ ಬೆಲೆ, ಕೊಳೆರೋಗದ ಮದ್ದಿನ ವಿಚಾರ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸಾಗರದ ನೆಂಟರ ಮನೆಯೇ ಗತಿ. ಸಂಕ್ರಾಂತಿಯ ಜಾತ್ರೆಗೆ ಸಿಗಂದೂರು ಚೌಡೇಶ್ವರಿಯ ಭಕ್ತರ ವಾಹನಗಳು ಸಾಲುಗಟ್ಟಿ ನಿಂತರೆ ಊರಿನವರಿಗೂ ಜಾಗ ಸಿಗುತ್ತಿರಲಿಲ್ಲ. ಬೇಸಿಗೆಯಲ್ಲಿ ಮಳೆ ತಡವಾಗಿ ಹಿನ್ನೀರು ತೀರಾ ಇಳಿದರೆ ಲಾಂಚು ದಡಕ್ಕೆ ತಾಗುವುದೇ ಕಷ್ಟ. ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಮನೆಯವರ ಪಾಡು ಏನಾಗಿರಬೇಕು ಎಂಬುದನ್ನು ಆಚೆ ದಡದ ಯಾವ ಮನೆಯಲ್ಲಿ ಕೂತು ಕೇಳಿದರೂ ಹೇಳುತ್ತಾರೆ.

ಈ ನೀರು ಇಲ್ಲಿಗೆ ಎರಡು ಸಲ ಬಂತು. ಮೊದಲನೆಯದು ಮಡೆನೂರು ಬಳಿಯ ಹಿರೇಭಾಸ್ಕರ ಅಣೆಕಟ್ಟೆಯದು. ಜೋಗದ ವಿದ್ಯುತ್ ಯೋಜನೆಗೆ 1940ರ ದಶಕದಲ್ಲಿ ಕಟ್ಟಿದ್ದು. ಆ ಕರೆಂಟು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಹೋಯಿತು. ಎರಡನೆಯದು 1964ರ ಲಿಂಗನಮಕ್ಕಿ. ಸಮುದ್ರಮಟ್ಟದಿಂದ 1819 ಅಡಿ ಎತ್ತರದ ನೀರಿನ ಮಟ್ಟ, ಸುಮಾರು 150 ಟಿಎಂಸಿ ನೀರು. ಅದು ತುಂಬಿದಾಗ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿತು. ಮಳೆ ಕಮ್ಮಿಯಾದ ವರ್ಷಗಳ ಬೇಸಿಗೆಯಲ್ಲಿ ಅದರ ಕಲ್ಲಿನ ಗೋಡೆ, ಸೈಫನ್ನುಗಳು ಮೇಲೆದ್ದು ನಿಲ್ಲುತ್ತವೆ. ಜನ ನೋಡಲು ಹೋಗುತ್ತಾರೆ. ನೋಡುವವರಲ್ಲಿ ಕೆಲವರು ಅದರ ಆಸುಪಾಸಿನಲ್ಲಿ ತಮ್ಮ ಅಜ್ಜನ ಮನೆಯ ಜಾಗ ಹುಡುಕುತ್ತಾರೆ.

ಮುಳುಗಿದ್ದು ಬರಿಯ ಕಾಡಲ್ಲ. ಹೊಳೆಯ ಬದಿಯ ಮೆಕ್ಕಲು ಗದ್ದೆ, ಅಡಿಕೆ ತೋಟ, ಭೂತನ ಕಟ್ಟೆ, ದೇವಸ್ಥಾನ, ಬಸದಿ. ಕಣಿವೆಯಲ್ಲಿದ್ದ ದೀವರು, ಹವ್ಯಕರು, ಜೈನರು, ಒಕ್ಕಲಿಗರು ದಿಕ್ಕಾಪಾಲಾದರು. ಬಹಳ ಮಂದಿಯನ್ನು ಲಾರಿಗಳಲ್ಲಿ ಶಿವಮೊಗ್ಗ, ಹೊಸನಗರ ತಾಲ್ಲೂಕುಗಳ ಕಾಡುಗಳಿಗೆ ಒಯ್ದು ಬಿಟ್ಟರು. ಕೆಲವರು ದೂರ ಹೋಗಲೊಪ್ಪದೆ ನೀರಿನ ಮಟ್ಟಕ್ಕಿಂತ ಮೇಲೆ, ಗುಡ್ಡದ ಓರೆಯಲ್ಲಿ ಹೊಸದಾಗಿ ಮನೆ ಕಟ್ಟಿ, ಹಳ್ಳದ ಬದಿಯಲ್ಲಿ ತೋಟ ಎಬ್ಬಿಸಿದರು. ಇಂದಿನ ಕರೂರು, ಬಾರಂಗಿಯ ಎಷ್ಟೋ ಮನೆಗಳ ಕಥೆ ಇದೇ. ನಾಡಿಗೆಲ್ಲ ಬೆಳಕು ಕೊಟ್ಟ ಹೊಳೆಯ ದಡದ ಈ ಮನೆಗಳಲ್ಲಿ ದಶಕಗಳ ಕಾಲ ಚಿಮಣಿ ಬುಡ್ಡಿಯೇ ಉರಿಯಿತು.

ಶರಾವತಿ ಯೋಜನೆಯ ಕಚೇರಿಯಲ್ಲೇ ನೌಕರಿ ಮಾಡುತ್ತ ಇದನ್ನೆಲ್ಲ ಕಣ್ಣಾರೆ ಕಂಡವರು ಸಾಗರದ ನಾ. ಡಿಸೋಜ. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಅಲ್ಲಿಂದಲೇ ಬಂದವು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ. ಸೇತುವೆ ಉದ್ಘಾಟನೆಗೆ ಆರು ತಿಂಗಳು ಬಾಕಿಯಿತ್ತು. ಅವರು ಅದರ ಮೇಲೆ ಒಮ್ಮೆ ಓಡಾಡಬೇಕಿತ್ತು ಎಂದು ನನ್ನಂಥ ಓದುಗರಿಗೆ ಅನಿಸುವುದು ಸಹಜ.

ಇನ್ನು ಭೂಮಿಯ ವಿಚಾರ. ಹೊಳೆಯಾಚೆಯ ಸಂಕಟದ ಬೇರು ಇರುವುದು ಇಲ್ಲಿ.

ಗೇಣಿ ಒಕ್ಕಲುಗಳ ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಫಲವಾಗಿ ಉಳುವವನನ್ನೇ ಒಡೆಯನನ್ನಾಗಿ ಮಾಡಿದ ಭೂಸುಧಾರಣೆ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಶರಾವತಿ ಕಣಿವೆಯ ಗೇಣಿ ಗದ್ದೆಗಳು ನೀರಿನಡಿ ಹೋಗಿ ಹತ್ತು ವರ್ಷ ಕಳೆದಿತ್ತು. ಒಡೆತನ ಕೇಳಿ ಡಿಕ್ಲರೇಷನ್ ಕೊಡಲು ಒಕ್ಕಲಿನ ಕೈಯಲ್ಲಿ ಗದ್ದೆಯೇ ಇರಲಿಲ್ಲ. ಮುಳುಗಡೆಯಾದವರು ಹೋಗಿ ನೆಲೆಸಿದ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1972ರಲ್ಲಿ ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯವಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯವನ್ನು ಕಂದಾಯ ಭೂಮಿ ಮಾಡಲು ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಸಂತ್ರಸ್ತರಿಗಾಗಿ ಹೊರಡಿಸಿದ್ದ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು.

ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎಂದು ಕೇಳಬಹುದು. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ಕೊಡಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಲಿಂಗನಮಕ್ಕಿಯಿಂದ ಎದ್ದು ಬಂದವರು 1960ರ ದಶಕದವರು. ಅದಕ್ಕೆ ಮುಂಚೆ ಅವರು ತಮ್ಮ ಸ್ವಂತ ಊರಿನಲ್ಲಿದ್ದರು. ಆ ಊರು ನೀರಿನಲ್ಲಿದೆ. ಸರ್ಕಾರವೇ ಎಬ್ಬಿಸಿ ಕಳಿಸಿದವರಿಗೆ ನೀವು ಇಲ್ಲಿ ತಡವಾಗಿ ಬಂದಿದ್ದೀರಿ ಎಂದು ಕಾಯ್ದೆ ಹೇಳುತ್ತಿದೆ. ಇಷ್ಟು ದೊಡ್ಡ ಅನ್ಯಾಯ ಮಲೆನಾಡಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆಸಾಲವಿಲ್ಲ, ಬೆಳೆವಿಮೆಯಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟದ ಹೆಡಲುಗಳೆಲ್ಲ ಒಣಗಿದಾಗಲೂ ಪರಿಹಾರಕ್ಕೆ ಮೊದಲು ಕೇಳಿದ್ದು ಪಹಣಿಯನ್ನೇ. ಅಣ್ಣತಮ್ಮಂದಿರು ಪಾಲಾಗಬೇಕೆಂದರೂ ಊರ ಹಿರಿಯರ ಮುಂದೆ ಬಾಯಿಮಾತಿನ ಪಾಲು. ತೋಟದ ಗಡಿ ತೋರಿಸುವುದು ಅಗಳ, ಬೇಲಿ, ಹಳೆಯ ಹಲಸಿನ ಮರ.

ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತಂದ ನೆಮ್ಮದಿ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆಂಬುಲೆನ್ಸ್ ರಾತ್ರಿಯೂ ದಾಟುತ್ತದೆ. ಸಾಗರದಲ್ಲಿ ರೂಮು ಮಾಡಿ ಓದುತ್ತಿದ್ದ ಮಕ್ಕಳು ಮನೆಯಿಂದಲೇ ಓಡಾಡಬಹುದು. 2021ರ ಹೊತ್ತಿಗೆ ಮೊಬೈಲ್ ಸಿಗ್ನಲ್ಲಿಗಾಗಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಅಭಿಯಾನ ಮಾಡಿದ ಜನ ಇವರು; ಯಾವುದೂ ಕೇಳದೆ ಬಂದಿಲ್ಲ. ಆದರೆ ರಸ್ತೆ ತೆರೆದ ಮೇಲೆ ಹಿನ್ನೀರಿನ ನೋಟಕ್ಕೂ ಬೆಲೆ ಬಂದಿದೆ. ಹೋಂಸ್ಟೇ ಮಾಡಲು ಬ್ಯಾಂಕಿಗೆ ಹೋದರೆ ಅಲ್ಲಿಯೂ ಮೊದಲು ಕೇಳುವುದು ಜಾಗದ ದಾಖಲೆ. ಅದಿಲ್ಲದ ಮುಳುಗಡೆ ಮನೆಯವರು ತಮ್ಮದೇ ಅಂಗಳದಲ್ಲಿ ನಿಂತು ಪ್ರವಾಸಿ ಕಾರುಗಳನ್ನು ನೋಡುತ್ತ ಇರಬೇಕೆ? ಇತ್ತ 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಕೇಳಿದರೆ ಕಣಿವೆಯ ಹಿರಿಯರು ಗಾಬರಿಯಾಗುತ್ತಾರೆ. ಅವರ ಗಾಬರಿಗೆ ಎರಡು ಮುಳುಗಡೆಗಳ ಅನುಭವವಿದೆ.

ಯಾವ ಊರಿನ ಯಾವ ಸರ್ವೆ ನಂಬರ್ ಮುಳುಗಿತು, ಯಾರಿಗೆ ಎಷ್ಟು ಪರಿಹಾರ ಬರೆದರು ಎಂಬ ಪಟ್ಟಿ ಮಾಡಿದ್ದು ಸರ್ಕಾರವೇ. ಅದನ್ನು ಇಟ್ಟುಕೊಂಡು ಮನೆಮನೆಯ ಜಂಟಿ ಸರ್ವೆ ಮಾಡಿ, ಕೇಂದ್ರದ ಒಪ್ಪಿಗೆಯನ್ನು ಕಾಯ್ದೆಬದ್ಧವಾಗಿ ತಂದು, ಮುಳುಗಡೆಯಾಗಿ ಬಂದವರಿಗೆ ಮೊದಲು ಪಹಣಿ ಕೊಡಬೇಕು. ನೀರಿನ ಮೇಲೆ ಇಷ್ಟುದ್ದ ಸೇತುವೆ ನಿಲ್ಲಿಸಲು ಬಂದ ಸರ್ಕಾರಗಳಿಗೆ ಈ ಕೆಲಸ ಬಾರದು ಎಂದರೆ ಹೊಳೆಯಾಚೆಯವರು ಒಪ್ಪುವುದಿಲ್ಲ.